ಖಾಲಿ ಬಲೆಯ ಮುಂದೆ

ಯಾವೊರ್ನಿಕ್
ಮಾರ್ಚ್ 19, ಭಾನುವಾರ

ಪ್ರೀತಿಯ ಅಮ್ಮ,

ಲಿಂಜ್‌ನಲ್ಲಿ ನೀನು ನೋಡಿಕೊಳ್ಳುವ ಆ ಅಜ್ಜಿಯ ಕೆಮ್ಮು ಕಡಿಮೆಯಾಯಿತೇ? ಫೋನ್ ಮಾಡದೆ ಕಾಗದ ಬರೆದೆನೆಂದು ಗಾಬರಿಯಾಗಬೇಡ, ಕೈಕಾಲು ನೆಟ್ಟಗಿವೆ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲೇ ನೀನು ಸಮಾಧಾನ ಮಾಡಲು ತೊಡಗುತ್ತೀ. ಇದನ್ನು ನೀನು ಪೂರ್ತಿ ಕೇಳಬೇಕು.

ನಿನ್ನೆಯ ಐಸ್ ಹಾಕಿ ಪಂದ್ಯ ಸೋತೆವು. ಮೇಲಿನ ಲೀಗಿಗೆ ಹೋಗುವ ಆಸೆ ಈ ವರ್ಷಕ್ಕೆ ಮುಗಿಯಿತು. ನಮ್ಮಿಬ್ಬರ ಒಪ್ಪಂದ ನಾನು ಮರೆತಿಲ್ಲ: ಕೋಚ್ ಖ್ರೆಂಕೊ ಮುಂದಿನ ವರ್ಷವೂ ನನ್ನನ್ನು ತಂಡದಲ್ಲಿ ಇಟ್ಟುಕೊಂಡರೆ ಆಟ, ಇಲ್ಲದಿದ್ದರೆ ಬಿಟ್ಟುಬಂದ ಅಡುಗೆ ಶಾಲೆಗೇ ವಾಪಸು. ಆ ವಿಷಯಕ್ಕೆ ಬರುತ್ತೇನೆ. ಮೊದಲು ಆ ಮನುಷ್ಯನ ಬಗ್ಗೆ ಬರೆಯದೆ ಇರಲಾರೆ.

ನೀನು ಅವರನ್ನು ನೋಡಿದ್ದು ನಿನ್ನ ಹರೆಯದಲ್ಲಿ, ಟಿವಿಯಲ್ಲಿ, ದೇಶದ ತಂಡದ ಅಂಗಿಯಲ್ಲಿ. ನಾನು ನೋಡುವುದು ದಿನವೂ ಬೆಳಗ್ಗೆ, ಹಲ್ಲಿನ ಸೆಟ್ಟು ಬಿಚ್ಚಿ ಚಹಾದ ಕಪ್ಪಿನಲ್ಲಿಟ್ಟು ಐಸಿಗಿಳಿಯುವಾಗ. ಸ್ವಂತ ಹಲ್ಲುಗಳೆಲ್ಲ ಫಿನ್ಲೆಂಡ್, ಜರ್ಮನಿ, ಸ್ವೀಡನ್ ಅಂತ ಹಂಚಿಹೋಗಿವೆ. ಬಲ ಮಂಡಿ ಮಡಚುವುದಿಲ್ಲ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ. ಆದರೆ ಐಸಿನ ಮೇಲೆ ಕಾಲಿಟ್ಟ ಕೂಡಲೇ ಆ ಕುಂಟು ಎಲ್ಲಿ ಅಡಗುತ್ತದೋ! ಹಿಂದಕ್ಕೆ ಜಾರುತ್ತ, ನಮಗೆ ಎದುರಾಗಿಯೇ ಬೈಯುತ್ತ ಹೋಗುತ್ತಾರೆ. ಮುಂದಕ್ಕೆ ಓಡುವ ನಮಗೆ ಸಿಗುವುದಿಲ್ಲ. "ಲೇ ವ್ರಾತ್ಕೊ, ಬಸ್ಸಿಗೆ ಕಾಯ್ತಿದೀಯೇನೋ?" ಎಂದು ನನಗೆ ದಿನಕ್ಕೊಮ್ಮೆಯಾದರೂ ಕೂಗುತ್ತಾರೆ. ಬೈಸಿಕೊಂಡವನಿಗೂ ನಗು ಬರುತ್ತದೆ.

ನಿನ್ನೆ ಎರಡು-ಒಂದು ಗೋಲಿನಿಂದ ಮುಂದಿದ್ದೆವು. ಆಟ ನೋಡುವಾಗ ನೀನು ಅರ್ಧ ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತೀ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಎದುರಿನವರು ತಪ್ಪು ಮಾಡಿದರೆ ರೆಫರಿ ಕೈ ಎತ್ತುತ್ತಾನೆ, ಆದರೆ ಅವರು ಪಕ್ಕನ್ನು, ಆ ರಬ್ಬರ್ ಬಿಲ್ಲೆಯನ್ನು, ಮುಟ್ಟುವ ತನಕ ಸೀಟಿ ಊದುವುದಿಲ್ಲ. ಅವರು ಮುಟ್ಟಿದರೆ ಆಟ ನಿಲ್ಲುವುದರಿಂದ ಗೋಲು ಹೊಡೆಯುವಂತಿಲ್ಲ. ಹಾಗಾಗಿ ನಮ್ಮ ಗೋಲು ಕಾಯುವ ಇಗ್ನಾತ್ಸ್ ಬಲೆ ಬಿಟ್ಟು ಬೆಂಚಿಗೆ ಓಡುತ್ತಾನೆ, ಅವನ ಬದಲು ಇನ್ನೊಬ್ಬ ದಾಳಿಗೆ ಇಳಿಯುತ್ತಾನೆ. ಬಲೆ ಖಾಲಿ. ಅದರೊಳಗೆ ಪಕ್ ಹಾಕಬಲ್ಲವರು ಭೂಮಿಯ ಮೇಲೆ ನಾವು ಮಾತ್ರ.

ನಿನ್ನೆ ನಾನು ಹಾಕಿದೆ. ಹಿಂದಿದ್ದ ನಮ್ಮ ನಾಯಕ ಕ್ವೆತೊಗೆ ಕೊಟ್ಟ ಪಾಸು ಅವನ ಕೋಲಿಗೆ ಸಿಗದೆ, ಇಡೀ ಐಸ್ ಮೈದಾನದ ಉದ್ದಕ್ಕೂ ನಿಧಾನವಾಗಿ ಜಾರಿ ಬಲೆ ಸೇರಿತು. ಅಮ್ಮ, ಅದು ಎಷ್ಟು ನಿಧಾನ! ನಾನು ಅದರ ಹಿಂದೆ ಓಡುತ್ತಲೇ ಇದ್ದೆ. ಊರಿನವರೆಲ್ಲ ಸೀಟಿ ಹೊಡೆದು ಛೀಮಾರಿ ಹಾಕಿದರು. "ಬಲೆ ಆ ಕಡೆ ಕಣೋ, ದಡ್ಡ ಬಡ್ಡೀಮಗನೇ!" ಎಂದು ಕೂಗಿದ್ದು ನಮ್ಮ ಪಕ್ಕದ ಮನೆಯ ಯಾರಿನಾ ಅತ್ತೆ. ಅವರ ಗಂಟಲು ನನಗೆ ಗೊತ್ತಿಲ್ಲವೇ?

ಬೆಂಚಿನ ತುದಿಯಲ್ಲಿ ಕೂತೆ. ಎರಡು-ಎರಡರಲ್ಲಿ ಆಟ ಹೆಚ್ಚುವರಿ ಅವಧಿಗೆ ಹೋಯಿತು; ಮೊದಲು ಗೋಲು ಹೊಡೆದವರದೇ ಗೆಲುವು. ಸ್ವಲ್ಪ ಹೊತ್ತಿಗೆ ರೆಫರಿಯ ಕೈ ಮತ್ತೆ ಎದ್ದಿತು, ಮತ್ತೆ ಅವರದೇ ತಪ್ಪು. ಇಗ್ನಾತ್ಸ್ ಬಲೆ ಬಿಟ್ಟು ಓಡಿಬರುತ್ತಿದ್ದ. ಆಗ ನನ್ನ ಬೆನ್ನ ಮೇಲೆ ಒಂದು ಕೈ ಬಿತ್ತು.

"ವ್ರಾತ್ಕೊ, ಇಳಿ."

"ಕೋಚ್, ಇವನ್ನಾ?" ಎಂದು ಪಕ್ಕದವನು ಬಾಯಿಬಿಟ್ಟ.

"ನೀನು ನೀರು ಕುಡಿ," ಎಂದರು ಕೋಚ್.

ಪಕ್ ನನ್ನ ಕೋಲಿಗೇ ಬಂತು. ಮುಂದೆ ಇಬ್ಬರು ಅಡ್ಡ. ಹಿಂದೆ ಕ್ವೆತೊ ಒಬ್ಬನೇ ಅಡ್ಡಿಯಿಲ್ಲದೆ ನಿಂತಿದ್ದ, ಅವನ ಹಿಂದೆ ಖಾಲಿ ಬಲೆ. "ಹಿಂದಕ್ ಕೊಡ್ಬೇಡ್ವೋ!" ಎಂದು ಇಡೀ ಊರು ಅರಚಿತು. ಬೆಂಚಿನ ಕಡೆ ಕಣ್ಣು ಹಾಯಿಸಿದೆ. ಕೋಚ್ ನನ್ನನ್ನು ನೋಡುತ್ತಲೇ ಇರಲಿಲ್ಲ. ಬಗ್ಗಿ ಯಾರದೋ ಹೆಲ್ಮೆಟ್ಟಿನ ಪಟ್ಟಿ ಸರಿಮಾಡುತ್ತಿದ್ದರು. ನಾನು ಏನು ಮಾಡುತ್ತೇನೆಂದು ನೋಡುವ ಅಗತ್ಯವೇ ಇಲ್ಲದವರ ಹಾಗೆ! ಅಂಥ ನಂಬಿಕೆಯನ್ನು ನನ್ನ ಮೇಲೆ ಯಾರೂ ಇಟ್ಟಿದ್ದಿಲ್ಲ. ಬೇಸರ ಮಾಡಿಕೊಳ್ಳಬೇಡ, ನೀನೂ ಇಟ್ಟಿದ್ದಿಲ್ಲ. ಹಿಂದಕ್ಕೇ ಕೊಟ್ಟೆ. ಕ್ವೆತೊನ ಕೋಲಿಗೆ ಟಕ್ಕೆಂದು ತಗುಲಿತು. ಜನ ಮೊದಲು ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು.

ಆ ದಾಳಿಯಲ್ಲಿ ಗೋಲಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರೇ ಹೊಡೆದರು. ಬಿಯರ್ ಅಂಗಡಿಯಲ್ಲಿ ಈಗ ಅದೇ ಮಾತು: "ಖ್ರೆಂಕೊಗೆ ತಲೆ ಕೆಟ್ಟಿತ್ತಾ? ಆ ಪುಣ್ಯಾತ್ಮನ್ನ ಯಾಕ್ ಇಳಿಸ್ದ?" ಕೋಚ್ ಅಲ್ಲೇ ಕೂತು ಎಲೆಕೋಸಿನ ಸೂಪು ಕುಡಿಯುತ್ತಾರೆ, ಕೇಳಿಸಿದರೂ ತಲೆ ಎತ್ತುವುದಿಲ್ಲ.

ಚಳಿಯಲ್ಲಿ ಓಡಾಡಬೇಡ. ಬರುವ ವಾರ ನಿನ್ನ ಬಸ್ಸು ಬರುವ ಹೊತ್ತಿಗೆ ನಿಲ್ದಾಣದಲ್ಲಿರುತ್ತೇನೆ.

ನಿನ್ನ ಮಗ
ವ್ರಾತ್ಕೊ

ತಾ.ಕ.: ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದ್ದು: ಕೋಚ್ ನನ್ನನ್ನು ತಂಡದಲ್ಲಿ ಇಟ್ಟುಕೊಳ್ಳುವುದಿಲ್ಲ. ಇವತ್ತು ಬೆಳಗ್ಗೆ ಕರೆದು ಹೇಳಿದರು. "ನಿನ್ನ ಕಾಲಲ್ಲಿ ವೇಗ ಇಲ್ಲ ಮಗಾ, ಬರೋದೂ ಇಲ್ಲ. ಜನವರಿಲೇ ತೀರ್ಮಾನ ಮಾಡಿದ್ದೆ." ಹಾಗಾದರೆ ನಿನ್ನೆ ಯಾಕೆ ಇಳಿಸಿದಿರಿ ಎಂದು ಕೇಳಿದೆ. ಅವರು ಚಹಾದ ಕಪ್ಪಿನಿಂದ ಹಲ್ಲು ತೆಗೆದು ಹಾಕಿಕೊಂಡು ಹೇಳಿದರು: "ಸ್ವೀಡನ್ನಲ್ಲಿ ನನ್ನ ಕೊನೇ ಆಟ. ಕೆಟ್ಟ ಪಾಸು ಕೊಟ್ಟೆ, ಗೋಲಾಯ್ತು. ಕೋಚ್ ಬೆಂಚಲ್ಲಿ ಕೂರಿಸಿಬಿಟ್ಟ. ಅಲ್ಲಿಂದ ಸೀದಾ ಮನೆಗೆ. ಹೊಡೆದ ಗೋಲು ಒಂದೂ ನೆನಪಿಗೆ ಬರಲ್ಲ ಕಣೋ, ಕಣ್ಮುಚ್ಚಿದ್ರೆ ಆ ಪಾಸೇ. ನೀನು ಹಂಗೆ ಹೋಗೋದು ಬೇಡ ಅನ್ನಿಸ್ತು." ಸೋತರೆ ಊರು ಸುಮ್ಮನಿರುವುದಿಲ್ಲವೆಂದು ಗೊತ್ತಿರಲಿಲ್ಲವೇ ಎಂದೆ. "ನಾಲ್ಕು ದೇಶದಲ್ಲಿ ಸೋತಿದೀನಿ, ಇದೇನ್ ಮಹಾ!" ಎಂದರು.

ಸೆಪ್ಟೆಂಬರಿನಲ್ಲಿ ಶಾಲೆಗೆ ಹೋಗುತ್ತೇನೆ, ಮಾತು ಕೊಟ್ಟಿದ್ದೇನೆ. ಖುಷಿಯಿಂದ ಹೋಗುತ್ತೇನೆಂದು ಮಾತ್ರ ಬರೆಯಲಾರೆ. ಆದರೆ ಅಮ್ಮ, ಕಣ್ಣು ಮುಚ್ಚಿದರೆ ನನಗೆ ಕಾಣುವುದು ಎರಡನೆಯ ಪಾಸು.