ಗಾಯವಿಲ್ಲದ ಕೈ

ವಿಲ್ಗಾ ಮಡು, ಪಶ್ಚಿಮ ಕ್ವೀನ್ಸ್‌ಲ್ಯಾಂಡ್
14 ನವೆಂಬರ್ 1897

ಮುದ್ದಿನ ಮಗ ಜೇಬೆಜ್‌ಗೆ ಅಮ್ಮನ ನೂರು ಮುತ್ತು.

ಹೇಗಿದ್ದೀಯಪ್ಪಾ? ಗಾಡಿಯ ಎತ್ತುಗಳು ಹೇಗಿವೆ? ನಿನ್ನ ಕೈ ಹೇಗಿದೆ, ಅದನ್ನು ಮೊದಲು ಬರೆ. ಬೆರಳ ಗೆಣ್ಣಿನ ಮೇಲೆ ಹುಣ್ಣೆದ್ದಿದ್ದರೆ ನನ್ನಿಂದ ಮುಚ್ಚಿಡಬೇಡ. ಉಣ್ಣೆ ಇಳಿಸುವ ಆ ರೈಲು ಊರಿನಲ್ಲಿ ತರಕಾರಿ ಸಿಗುತ್ತದಂತೆ, ಚಿಕ್ಕಂದಿನ ಹಾಗೆ ಮುಖ ಸಿಂಡರಿಸದೆ ತಿನ್ನು. ಇಲ್ಲಿ ನಮಗೆ ಕುರಿಮಾಂಸ, ಕೆಂಡದಲ್ಲಿ ಸುಟ್ಟ ರೊಟ್ಟಿ, ಚಹಾ. ಮಾರನೆಯ ದಿನ ಚಹಾ, ರೊಟ್ಟಿ, ಕುರಿಮಾಂಸ. ನಿನ್ನ ಮಗಳು ಎಮ್ಮಿ ಗುಂಡುಗುಂಡಾಗಿ ಆರೋಗ್ಯವಾಗಿದ್ದಾಳೆ. ಅವಳು ಆರೋಗ್ಯವಾಗಿರುವುದೇ ಈಗ ನನ್ನ ತಲೆನೋವು, ಅದನ್ನು ಬರೆಯಲಿಕ್ಕೇ ಕೂತಿದ್ದೇನೆ.

ಊರಿನಲ್ಲಿ ಈಗ ಚಿಂದಿ ಸುತ್ತದ ಕೈ ಇಲ್ಲ. ಭಾನುವಾರ ಪ್ರಾರ್ಥನೆಗೆ ಎಲ್ಲರೂ ಕೈ ಜೋಡಿಸಿದರೆ ಹುಣ್ಣಿನ ವಾಸನೆಗೆ ಪಾದ್ರಿಯೇ ಮುಖ ತಿರುಗಿಸುತ್ತಾರೆ. ಅಂಗಡಿ ಗಿಲ್ಬಿಯ ಹೆಂಡತಿಗೆ ಮುಂದಿನ ಹಲ್ಲು ಅಲುಗಾಡುತ್ತಿವೆ. ನಾನು ರೊಟ್ಟಿ ಕಚ್ಚಿದರೆ ಒಸಡಿನ ರಕ್ತ ಅದಕ್ಕೆ ಅಂಟುತ್ತಿತ್ತು. ಗಿಲ್ಬಿ ಗಲ್ಲಾಪೆಟ್ಟಿಗೆ ಮುಂದೆ ಕೂತು ಎಲ್ಲರಿಗೂ ಒಂದೇ ಮಾತು ಹೇಳುತ್ತಾನೆ: “ಆ ಚೀನಿಯವ್ನು ಹೋಗೋ ಮುಂಚೆ ಮಡು ನೀರಿಗೆ ಏನೋ ಹಾಕ್ಬಿಟ್ಟಿದಾನೆ ಕಣ್ರೀ. ಸುಮ್ನೆ ಹೋಗೋ ಜನ ಅಲ್ಲ ಅವ್ರು.” ನಾನೂ ಹೂಂ ಎಂದು ತಲೆಯಾಡಿಸಿ ಬಂದೆ. ಬಂದವಳೇ ನಿನ್ನ ಹೆಂಡತಿ ಹಿಟ್ಟು ನಾದುವುದನ್ನು ನೋಡಿದೆ. ಅಬ್ಬಾ! ಲಿಡಿಯಳ ಕೈ ಬೆಣ್ಣೆ ಬೆಣ್ಣೆ. ಒಂದು ಗುಳ್ಳೆಯಿಲ್ಲ, ಒಂದು ಗೀರಿಲ್ಲ. ನಾವೂ ಅವಳೂ ಕುಡಿಯುವುದು ಅದೇ ಮಡುವಿನ ನೀರು, ಇವಳೊಬ್ಬಳಿಗೆ ಏನೂ ಆಗಿಲ್ಲ ಎಂದರೆ ಹೇಗೆ? ಅಂದಿನಿಂದ ನನ್ನ ಕಣ್ಣು ಅವಳ ಮೇಲೆಯೇ.

ನಿನಗೆ ಲಮ್ ಕೀ ನೆನಪಿದ್ದಾನಲ್ಲ? ಮಡುವಿನ ಕೆಳಗೆ ಎಲೆಕೋಸು, ಟರ್ನಿಪ್ ಗೆಡ್ಡೆ ಬೆಳೆದು ಊರಿಗೆಲ್ಲ ಮಾರುತ್ತಿದ್ದ ಚೀನೀ ಮುದುಕ. ಹೆಗಲ ಮೇಲಿನ ಅಡ್ಡೆಗೆ ಎರಡು ಡಬ್ಬ ನೇತುಹಾಕಿಕೊಂಡು ದಿನವಿಡೀ ನೀರು ಹೊರುತ್ತಿದ್ದವನು. ಪ್ರತಿ ಕ್ರಿಸ್ಮಸ್‌ಗೆ ಮನೆಮನೆಗೂ ಸಕ್ಕರೆ ಪಾಕದ ಶುಂಠಿಯ ಜಾಡಿ ಕೊಡುತ್ತಿದ್ದ. ಸುಮ್ಮನೆ ಯಾರು ಏನು ಕೊಡುತ್ತಾರೆ ಹೇಳು? ನಾನಂತೂ ಮುಚ್ಚಳ ತೆಗೆಯದೆ, ಬಾಗಿಲು ಬಡಿದುಕೊಳ್ಳದಂತೆ ಒತ್ತಾಗಿ ಇಟ್ಟುಕೊಂಡಿದ್ದೆ. ಆಗಸ್ಟಿನಲ್ಲಿ ಮಡು ತಳ ಕಂಡಾಗ ನೀವು ಊರವರೆಲ್ಲ ಸಭೆ ಸೇರಿ ಅವನಿಗೆ ನೀರು ನಿಲ್ಲಿಸಿದಿರಿ. ನೀನೂ ಕೈ ಎತ್ತಿದೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಅವನು ಏನೂ ವಾದಿಸದೆ ಅಡ್ಡೆ ಹೊತ್ತುಕೊಂಡು ರೈಲು ಊರಿನ ದಾರಿ ಹಿಡಿದ. ವಾದಿಸದೆ ಹೋದನಲ್ಲ, ಅದೇ ನನಗೆ ಇನ್ನಷ್ಟು ಅನುಮಾನ ತಂದಿತು.

ಈ ಅನುಮಾನ ನನಗೆ ನಮ್ಮಪ್ಪನಿಂದ ಬಂದದ್ದು. ನಾವು ಕುರಿ ಹೊಡೆದುಕೊಂಡು ಈ ಮಡುವಿಗೆ ಬಂದಾಗ ನಾನು ಗಾಡಿಯಲ್ಲಿ ಕೂತ ಪುಟ್ಟ ಹುಡುಗಿ. ದಡದಲ್ಲಿ ಈ ನೆಲದ ಕರಿಯ ಜನ ಮೀನು ಸುಡುತ್ತಿದ್ದರು. ಅಪ್ಪ ಟೋಪಿ ತೆಗೆದು, ಕೈಸನ್ನೆ ಮಾಡಿ ನೀರು ಕೇಳಿದ. ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು, ನನಗೊಂದು ಮೀನು ಕೊಟ್ಟರು. ನಾನು ನಿನ್ನನ್ನು ಹೆರುವ ಹೊತ್ತಿಗೆ ಆ ದಡದಲ್ಲಿ ಅವರ ಒಂದು ಒಲೆಯ ಗುರುತೂ ಇರಲಿಲ್ಲ. ಅವರೆಲ್ಲಿ ಹೋದರೆಂದು ಕೇಳಿದರೆ ಅಪ್ಪ ಬಂದೂಕು ಒರೆಸುತ್ತ ಬೇರೆ ಮಾತು ತೆಗೆಯುತ್ತಿದ್ದ. ಸಾಯುವ ಮುಂಚೆ ಮಾತ್ರ ನನ್ನ ಮಣಿಕಟ್ಟು ಹಿಡಿದು ಹೇಳಿದ: “ಯಾರಾದ್ರೂ ನೀರು ಕೇಳ್ಕೊಂಡು ಬಂದ್ರೆ ನಂಬ್ಬೇಡ ಮಗಾ. ನಾವು ಬಂದಿದ್ದೂ ಹಾಗೇನೇ.” ಲಮ್ ಕೀ ಮೊದಲ ದಿನ ನಮ್ಮ ಬಾಗಿಲಿಗೆ ಬಂದು ಟೋಪಿ ತೆಗೆದು ಕೇಳಿದ್ದೂ ನೀರೇ.

ಸರಿ, ಲಿಡಿಯಳ ಕಥೆಗೆ ಬರುತ್ತೇನೆ. ಮಧ್ಯಾಹ್ನ ಬಟ್ಟೆ ಒಗೆದಾದ ಮೇಲೆ ಕೊಳೆನೀರಿನ ಬಕೆಟ್ ಹಿಡಿದು ಹೋಗುತ್ತಾಳೆ, ಬರುವಾಗ ಏಪ್ರನ್ ಮಡಿಲಲ್ಲಿ ಏನೋ ಗಂಟು. ಚೀನಿಯವನು ಹೋಗಿಲ್ಲ, ಅಲ್ಲೇ ಅಡಗಿದ್ದಾನೆ, ಇವಳಿಗೆ ಏನೋ ಮದ್ದು ಹಾಕಿದ್ದಾನೆ ಎಂದೇ ಅಂದುಕೊಂಡೆ. ಇನ್ನೂ ಕೆಟ್ಟದ್ದನ್ನೂ ಅಂದುಕೊಂಡೆ, ಅದನ್ನು ನಿನಗೆ ಬರೆಯಲಾರೆ. ಒಂದು ದಿನ ಹಿಂದೆಯೇ ಹೋದೆ. ಅಲ್ಲಿ ಯಾರೂ ಇಲ್ಲ. ಲಮ್ ಕೀಯ ಒಣಗಿದ ತೋಟದ ಮೂಲೆಯಲ್ಲಿ, ಗೋಣಿತಾಟಿನ ನೆರಳಿನ ಕೆಳಗೆ, ಒಂದೇ ಒಂದು ಸಾಲು ಟರ್ನಿಪ್ ಹಸಿರಾಗಿತ್ತು. ನಿನ್ನ ಹೆಂಡತಿ ಮಂಡಿಯೂರಿ ಸೋಪಿನ ನೀರನ್ನು ಬುಡಬುಡಕ್ಕೂ ಬೊಗಸೆಯಲ್ಲಿ ಹಾಕುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಒಂದು ಎಲೆ ಕಿತ್ತು ನನ್ನ ಮುಂದೆ ಹಿಡಿದಳು. “ಬೈಯೋದಿದ್ರೆ ತಿಂದ್ಕೊಂಡು ಬೈರಿ ಅತ್ತೆ. ನನ್ ಹಾಲು ಬತ್ತಿದ್ರೆ ನಿಮ್ ಮೊಮ್ಮಗಳು ಏನ್ ಕುಡೀತಾಳೆ, ಗಿಲ್ಬಿ ಅಂಗ್ಡಿ ಡಬ್ಬದ್ ಹಾಲಾ?”

ತಿಂದೆ. ಬೈದುಕೊಂಡೇ ತಿಂದೆ. ದಿನವೂ ತಿನ್ನುತ್ತಿದ್ದೇನೆ. ನನ್ನ ಹುಣ್ಣುಗಳೆಲ್ಲ ಮಾಯ್ದವು ಕಣೋ! ಮಡುವಿನಲ್ಲಿ ವಿಷವೂ ಇಲ್ಲ, ಏನೂ ಇಲ್ಲ, ನಮಗೆ ಇಲ್ಲವಾದದ್ದು ಅವನ ಸೊಪ್ಪು ತರಕಾರಿ. ಆದರೂ ಹೊರಗೆ ಹೋಗುವಾಗ ಚಿಂದಿ ಸುತ್ತಿಕೊಂಡೇ ಹೋಗುತ್ತೇನೆ, ಲಿಡಿಯಳಿಗೂ ಸುತ್ತಿ ಕಳಿಸುತ್ತೇನೆ. ಮಗುವಿನ ಕೆನ್ನೆಗೆ ಏನು ಸುತ್ತಲಿ? ಮೊನ್ನೆ ಗಿಲ್ಬಿಯ ಹೆಂಡತಿ ಎಮ್ಮಿಯ ಗಲ್ಲ ಹಿಡಿದು, “ನಿಮ್ಮನೇಲಿ ಮಾತ್ರ ಇದು ಹೇಗ್ರಮ್ಮಾ ಇಷ್ಟು ಚೆನ್ನಾಗಿದೆ?” ಎಂದು ಕೇಳಿದಳು. ಆ ನೋಟ ನನಗೆ ಗೊತ್ತು, ನನ್ನದೇ ನೋಟ ಅದು. ಇತ್ತ ಬಿಸಿಲಿಗೆ ಸಾಲು ಬಾಡುತ್ತಿದೆ, ಕ್ರಿಸ್ಮಸ್ ತನಕ ಉಳಿಯುವುದಿಲ್ಲ. ಆಮೇಲೆ ಲಿಡಿಯಳ ಹಾಲು ಹೋಗುತ್ತದೆ, ಮಗುವಿನ ಗತಿ ಏನೆಂದು ನೆನೆಸಿದರೆ ಊಟ ಸೇರುವುದಿಲ್ಲ.

ದೇವರು ನಿನ್ನ ಗಾಡಿಯ ಚಕ್ರ ಕಾಯಲಿ, ನಿನ್ನ ದಾರಿಯಲ್ಲಿ ನೀರಿರಲಿ. ಲಿಡಿಯ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ಅಮ್ಮ,
ಕೆಜಾಯ ಪ್ಯಾಸ್ಕೋ

ಮರೆತಿದ್ದೆ: ಟಪಾಲಿನವನು ಕುದುರೆ ಹತ್ತುತ್ತಿದ್ದಾನೆ, ಬೇಗ ಬರೆಯುತ್ತೇನೆ. ಆ ಊರಿನಲ್ಲಿ ಲಮ್ ಕೀ ಎಲ್ಲಿದ್ದಾನೆಂದು ಹುಡುಕು. ಗಾಡಿಯಲ್ಲಿ ಕೂರಿಸಿಕೊಂಡು ಬಾ. ಊರವರ ಬಾಯಿ ನಾನು ನೋಡಿಕೊಳ್ಳುತ್ತೇನೆ, ಮಡುವಿನಲ್ಲಿ ನಮ್ಮ ಪಾಲಿನ ನೀರು ಅವನಿಗೆ. ಆ ತೋಟದ ಜಮೀನು ಮಾತ್ರ ನಮ್ಮ ಹೆಸರಿನಲ್ಲೇ ಇರಲಿ, ಅಷ್ಟು ನಾನು ಬಿಡುವವಳಲ್ಲ. ನೀನು ಟೋಪಿ ತೆಗೆದು ಕೇಳು. ಅವನು ಮೇಲಿಂದ ಕೆಳಗೆ ನೋಡಿ ನಿನ್ನನ್ನು ನಂಬದಿದ್ದರೆ ಸಿಟ್ಟಾಗಬೇಡ ಮಗಾ. ಕೇಳಿಕೊಂಡು ಬಂದವರನ್ನು ನಂಬಬಾರದೆಂದು ನಿನ್ನ ತಾತನೇ ಹೇಳಿದ್ದಾನೆ.