ಹಾಲು ಕರೆದ ಕೈ

ಅತ್ತೆ,

ನೀವು ಘಾಟಿ ದನಗಳ ಜಾತ್ರೆಯಿಂದ ಹಿಡಿದು ತಂದಿದ್ದ ಹಸು ಕೆಂಚಿ ಮೊನ್ನೆ ಕರು ಹಾಕಿತು. ಇವತ್ತು ಗಿಣ್ಣು ಮಾಡಿದ್ದೆ. ನಿಮ್ಮ ಮೊಮ್ಮಗಳು ಚಾರ್ವಿ ಎರಡು ತುಂಡು ತಿಂದಳು. ಹಾಲು ಹೊಟ್ಟೆಗೆ ಹೋದರೆ ವಾಂತಿಯಾಗಿ, ಭೇದಿಯಲ್ಲಿ ರಕ್ತ ಬೀಳುತ್ತಿದ್ದ ಅದೇ ಮಗು. ಹೋದ ವಾರ ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳನ್ನು ಇಡೀ ದಿನ ಕೂರಿಸಿಕೊಂಡು, ಸ್ವಲ್ಪಸ್ವಲ್ಪವೇ ಹಾಲು ಕುಡಿಸಿ ನೋಡಿದರು. ಏನೂ ಆಗಲಿಲ್ಲ.

"ಅಲರ್ಜಿ ಹೋಗಿದೆಯಮ್ಮ, ಇನ್ಮೇಲೆ ಕೊಡಿ" ಅಂದರು ಡಾಕ್ಟರು.

ಹಾಲು ಕರೆದವರು ಮಗುವನ್ನು ಎತ್ತಿಕೊಳ್ಳಬಹುದಿತ್ತೇ ಎಂದು ಕೇಳಿದೆ.

"ಅದಕ್ಕೇನಂತೆ? ಕೈ ತೊಳ್ಕೊಂಡಿದ್ರೆ ಸಾಕಿತ್ತು."

ಹಾಲು ಕರೆದ ಕೈಯಲ್ಲಿ ಮಗುವನ್ನು ಮುಟ್ಟಬೇಡಿ ಎಂದು ನಾನು ಒಂದು ಸಲ ಅಂದಿದ್ದಕ್ಕೆ, ನೀವು ಬದುಕಿದ್ದಷ್ಟು ದಿನವೂ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡ ಮೇಲೂ ಹೊಸ್ತಿಲಾಚೆ ನಿಂತು, ಕೈ ಹಿಂದಕ್ಕೆ ಕಟ್ಟಿಕೊಂಡೇ ಅವಳನ್ನು ನಗಿಸುತ್ತಿದ್ದಿರಿ.

ಸಂಜೆ ಹಾಲು ಕರೆದು ಎದ್ದಾಗ ಚಾರ್ವಿ ಕೊಟ್ಟಿಗೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಅಲ್ಲೇ ನಿಂತು ನನ್ನನ್ನು ನೋಡಿ ನಕ್ಕಳು.

"ಯಾಕೆ ಹಂಗೆ ನಿಂತ್ಕೊಂಡೆ?"

"ಅಜ್ಜಿ ಹಿಂಗೇ ಅಲ್ವಾ ಮುದ್ದು ಮಾಡ್ತಿದ್ದಿದ್ದು?"

ಕೈ ತೊಳೆಯುವುದು ನನಗೆ ನೆನಪಾಗಲಿಲ್ಲ ಅತ್ತೆ. ಹಾಗೇ ಎತ್ತಿಕೊಂಡುಬಿಟ್ಟೆ.

ನಿಮ್ಮ ಸೊಸೆ,
ಸಿಂಧು