ಲಾರಿ ಪೂಜೆಯ ದಿನದ ಅವ್ವ

ಶಿರಸಿ
೧೮ ನವೆಂಬರ್ ೨೦೨೪

ಪ್ರೀತಿಯ ಅಣ್ಣನಿಗೆ,

ತಂಗಿ ಮುರಿಗೆವ್ವನ ಶರಣು ಶರಣಾರ್ಥಿಗಳು. ನಿನ್ನ ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ನಮ್ಮ ವೈನಿ ಎಣ್ಣೆ ಬಾಟಲಿ ಹಿಡಿದು ಬಂದ ಕೂಡಲೇ ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ಕಡೆ ಹೊರಟುಬಿಡುತ್ತೀಯೋ? ರೈಲ್ವೆ ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಆದರೂ ಅಪ್ಪ ಹೋಗಿ ನಿಲ್ಲದಿದ್ದರೆ ಮಿರಜಿನಿಂದ ಒಂದು ಗಾಡಿಯೂ ಹೊರಡುವುದಿಲ್ಲ ಅಂತ ನಿನ್ನ ಮಗ ಪವನ್ ಫೋನಿನಲ್ಲಿ ನಗುತ್ತಿದ್ದ. ಸಕ್ಕರೆ ಪರೀಕ್ಷೆ ಮಾಡಿಸಿದೆಯಂತೆ, ಎಷ್ಟು ಬಂತು ಅಂತ ಮಾತ್ರ ನಿಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ. ಬಾಯಿ ಬಿಡದಿದ್ದರೆ ಜಾಸ್ತಿಯೇ ಬಂದಿದೆ ಅಂತ ಅರ್ಥ. ಪೇಢೆ ಬಿಡು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಇವರ ಕೆಮ್ಮು ದೀಪಾವಳಿಯ ಹೊತ್ತಿಗೆ ಇಳಿಯಿತು. ಮಗಳು ಪ್ರತಿಭಾಳಿಗೆ ಯಲ್ಲಾಪುರದ ಶಾಲೆಗೆ ವರ್ಗವಾಗಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ, ಬಂದ ಮೇಲೆ ಚಹಾ ಮುಗಿಯುವ ತನಕ ಬಸ್ಸಿಗೆ ಬೈಯುತ್ತಾಳೆ.

ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಅಂದುಕೊಳ್ಳುತ್ತೀಯ. ಫೋನಿನಲ್ಲಿ ಅವ್ವನ ಮಾತು ಬಂದ ಕೂಡಲೇ ನಿನ್ನ ಕಡೆ ಟವರ್ ಹೋಗುತ್ತದಲ್ಲ, ಅದಕ್ಕೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ತಂಗಿಯ ಕಾಗದ ಹರಿಯುವವನು ನೀನಲ್ಲ. ಇದರ ಜೊತೆಗೆ ಒಂದು ಆಲ್ಬಮ್ಮನ್ನೂ ಕಳಿಸುತ್ತಿದ್ದೇನೆ. ಅಂಗಡಿಯದಲ್ಲ, ರಟ್ಟಿನಿಂದ ಹಿಡಿದು ಹೊಲಿಗೆಯ ತನಕ ನನ್ನ ಕೈಯದೇ. ಅಂಗನವಾಡಿಯಲ್ಲಿ ಅಷ್ಟು ವರ್ಷ ಹಳೇ ಪೇಪರಿನಿಂದ ಆನೆ, ನವಿಲು, ದೋಣಿ ಮಾಡಿದ ಕೈಗೆ ನಿವೃತ್ತಿ ಆದಮೇಲೂ ಸುಮ್ಮನಿರಲು ಬರುವುದಿಲ್ಲ. ಮೊದಲು ಕಾಗದ ಪೂರ್ತಿ ಓದು, ಆಮೇಲೆ ಆಲ್ಬಮ್ ತೆರೆ.

ಮಳೆ ಹಿಂದಾಗುವ ಹೊತ್ತಿಗೆ ಬನವಾಸಿಯಿಂದ ವಿನೋದ ಫೋನ್ ಮಾಡಿದ. ಕಾಕಾ ಹೋದಮೇಲೆ ನಮ್ಮ ಹಳೇ ಮನೆ, ಅಂಗಡಿ ಎರಡನ್ನೂ ಕಾಕಾನ ಮಗನಾಗಿ ಅವನೇ ನೋಡಿಕೊಳ್ಳುತ್ತಿದ್ದಾನೆ, ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾನೆ. ಪಡಸಾಲೆಗೆ ಬಣ್ಣ ಹೊಡೆಸಬೇಕೆಂದು ಗೋಡೆಯ ಫೋಟೋಗಳನ್ನೆಲ್ಲ ಇಳಿಸಿದನಂತೆ. "ಅಕ್ಕಾ, ದೊಡ್ಡವ್ವನ ಫೋಟೋಕ್ಕ ಹಿಂದ ಒರಲಿ ಹತ್ಯಾವ. ಏನ್ ಮಾಡ್ಲಿ ಹೇಳು?" ಅಂದ. ಮುಟ್ಟಬೇಡ, ಹಾಗೇ ಬಟ್ಟೆಯಲ್ಲಿ ಸುತ್ತಿ ನನ್ನ ಹತ್ತಿರ ತಗೊಂಡು ಬಾ ಅಂದೆ. ಮರುದಿನವೇ ತಂದುಕೊಟ್ಟ.

ಯಾವ ಫೋಟೋ ಅಂತ ನಿನಗೆ ಬೇರೆ ಹೇಳಬೇಕಾಗಿಲ್ಲ. ಬದುಕಿದ್ದಾಗ ಹೆಂಗಸರಿಗೆ ಫೋಟೋ ಯಾಕೆ ಅನ್ನುತ್ತಿದ್ದ ನಮ್ಮ ಹಿರಿಯರು, ಹೋದಮೇಲೆ ಶಿರಸಿಯಿಂದ ಫೋಟೋದವನನ್ನು ಜೀಪಿನಲ್ಲಿ ಕರೆಸುತ್ತಿದ್ದರು. ಅವ್ವ ಲಿಂಗೈಕ್ಯಳಾದ ದಿನವೂ ಹಾಗೇ ಮಾಡಿದರು. ಗೋಡೆಗೆ ಆನಿಸಿ ಕೂರಿಸಿ, ಹಣೆಯ ತುಂಬ ವಿಭೂತಿ ಬಳಿದು, ಕುತ್ತಿಗೆಗೆ ಮಾಲೆ ಹಾಕಿ, ಸುತ್ತಲೂ ಮನೆಮಂದಿಯನ್ನು ನಿಲ್ಲಿಸಿ ತೆಗೆಸಿದರು. ನಾನು ಅಜ್ಜಿಯ ಕಂಕುಳಲ್ಲಿದ್ದೇನೆ, ಬಾಯಲ್ಲಿ ಹೆಬ್ಬೆರಳು. ನೀನು ಹನ್ನೊಂದು ವರ್ಷದವನು, ಅವ್ವನ ಹಿಂದೆ ಒಂದು ಬದಿಗೆ ನಿಂತಿದ್ದೀಯ. ನಿನ್ನ ಒಂದು ಕೈ ಕಾಣುವುದಿಲ್ಲ. ಅದು ಎಲ್ಲಿತ್ತು ಅಂತ ನೀನು ನನ್ನ ಮದುವೆಯ ಹಿಂದಿನ ದಿನ ಒಮ್ಮೆ ಮಾತ್ರ ಹೇಳಿದ್ದೆ. "ಹಿಂದಿಂದ ಗಟ್ಟಿ ಹಿಡಕೋಪಾ, ವಾಲ್ತಾಳ" ಅಂದರಂತೆ ಯಾರೋ. ನೀನು ಹಿಡಿದುಕೊಂಡೆ. "ಅವತ್ತಿನಿಂದ ಕಣ್ಣ ಮುಚ್ಚಿದರ ಆ ಮುಖಾನ ಬರ್ತೈತಿ, ಮೊದಲಿಂದು ಅಳಿಸಿ ಹೋತು" ಅಂದಿದ್ದೆ.

ಆಮೇಲೆ ನೀನು ಬನವಾಸಿಗೆ ಬಂದದ್ದೇ ನಾಲ್ಕೋ ಐದೋ ಸಲ. ಬಂದರೂ ಪಡಸಾಲೆಯಲ್ಲಿ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದೆ. ವಿನೋದನ ಮದುವೆಯಲ್ಲಿ ಎಲ್ಲರೂ ಫೋಟೋಗೆ ನಿಂತರೆ ನೀನು ಹಿತ್ತಲಿನಲ್ಲಿ ಬೀಡಿ ಸೇದುತ್ತ ನಿಂತಿದ್ದೆ. ಜನ ನಿನ್ನನ್ನು ಸೊಕ್ಕಿನವನು ಅಂದರು. ನನಗೆ ಗೊತ್ತಿತ್ತು. ಆದರೆ ನನ್ನ ಕಷ್ಟವೂ ಒಂದಿತ್ತು ಅಣ್ಣಾ. ನಿನಗೆ ಅವ್ವನ ಮುಖ ಇದ್ದು ಹೋಯಿತು, ನನಗೆ ಮೊದಲಿನಿಂದಲೂ ಅದೊಂದೇ. ಅವ್ವ ಅಂದರೆ ನನಗೆ ಕಣ್ಣು ಮುಚ್ಚಿಕೊಂಡ ಒಬ್ಬ ಹೆಂಗಸು. ಆ ಫೋಟೋವನ್ನೇ ನೋಡಿ ನೋಡಿ ಬೆಳೆದೆ, ಅದಕ್ಕೇ ಕೈ ಮುಗಿದೆ.

ಇರಲಿ. ಫೋಟೋ ಕೈಗೆ ಬಂದಮೇಲೆ ಹಿಡಿದ ಕೆಲಸ ಬಿಡುವವಳಲ್ಲ ನಾನು. ಒರಲೆ ತಿಂದದ್ದು ಹಿಂದಿನ ರಟ್ಟನ್ನು ಮಾತ್ರ, ಫೋಟೋ ಉಳಿದಿತ್ತು. ಹಗುರವಾಗಿ ಬಿಡಿಸಿ ಮೆತ್ತನೆಯ ಬ್ರಶ್ಶಿನಿಂದ ಮಣ್ಣು ಝಾಡಿಸಿದೆ. ಈ ವಿದ್ಯೆ ಸುಮ್ಮನೆ ಬಂದದ್ದಲ್ಲ. ಹೋದ ವರ್ಷ ಇವರ ತಾರುಣ್ಯದ ಫೋಟೋ ಥಂಡಿಗೆ ಗಾಜಿಗೇ ಅಂಟಿಕೊಂಡಿತ್ತು, ನಾನು ಎಳೆದೆ, ಇವರ ಅರ್ಧ ಮೀಸೆ ಗಾಜಿನ ಮೇಲೇ ಉಳಿಯಿತು. ಇವತ್ತಿಗೂ ಬಂದವರಿಗೆಲ್ಲ ಅದನ್ನು ತೋರಿಸಿ, "ನೋಡ್ರಿ, ನನ್ನ ಮೀಸಿ ತಗದಾಕಿ ಇಕಿ" ಅನ್ನುತ್ತಾರೆ. ಅಲ್ಲಿಂದ ನಾನು ಯಾವ ಫೋಟೋಕ್ಕೂ ಅಂಟು ತಾಗಿಸುವುದಿಲ್ಲ. ಕಾಗದದ ಸಣ್ಣ ಮೂಲೆಗಳನ್ನು ಮಡಿಚಿ ಅದರೊಳಗೆ ಸಿಕ್ಕಿಸುತ್ತೇನೆ.

ಪುಟಗಳ ಕಥೆ ಕೇಳಿದರೆ ನೀನು ನಗುತ್ತೀಯ. ಎಲ್ಲರ ಮನೆಯಲ್ಲೂ ಇರುವಂತೆ ನಮ್ಮಲ್ಲೂ ಮದುವೆ ಕರೆಯೋಲೆಗಳು ಒಂದು ಚೀಲ ತುಂಬ ಇದ್ದವು. ದೇವರ ಚಿತ್ರ ಇರುತ್ತದೆ ಅಂತ ಎಸೆಯುವ ಹಾಗಿಲ್ಲ, ಇಟ್ಟುಕೊಂಡು ಮಾಡುವುದೂ ಏನಿಲ್ಲ. ಚಿತ್ರದ ಭಾಗ ಕತ್ತರಿಸಿ ತೆಗೆದು ಹೊಳೆಗೆ ಬಿಟ್ಟೆ, ಉಳಿದದ್ದನ್ನು ಚೂರು ಮಾಡಿ ನೆನೆಹಾಕಿ ಹಳೇ ಮಿಕ್ಸಿಯಲ್ಲಿ ರುಬ್ಬಿದೆ. ಸೊಳ್ಳೆಪರದೆಯನ್ನು ಚೌಕಟ್ಟಿಗೆ ಬಿಗಿದು, ಆ ಹಿಟ್ಟನ್ನು ದೋಸೆಯಂತೆ ತೆಳ್ಳಗೆ ಹರಡಿ ಬಿಸಿಲಿಗಿಟ್ಟರೆ ಹಾಳೆ. ಮಳೆ ಪೂರ್ತಿ ನಿಲ್ಲುವ ತನಕ ಒಂದೂ ಒಣಗಲಿಲ್ಲ, ಮನೆಯ ತುಂಬ ಹಸಿ ಕಾಗದದ ವಾಸನೆ. "ಈ ಮಿಕ್ಸಿಯೊಳಗ ಇನ್ನ ಚಟ್ನಿ ಮಾಡಬ್ಯಾಡ, ನನಗ ಯಾರದರ ಮದಿವಿ ರುಚಿ ಹತ್ತೀತು" ಅಂದರು ಇವರು. ಹೊದಿಕೆಯ ರಟ್ಟಿಗೆ ಮೈದಾ ಅಂಟು, ಹುಳ ಬರದಂತೆ ಅದಕ್ಕೆ ಅಡಿಕೆಗೆ ಹೊಡೆಯುವ ಮೈಲುತುತ್ತ ಒಂದು ಚಿಟಿಕೆ. ಮುಟ್ಟಿ ನೋಡು, ಅಂಗಡಿಯಲ್ಲಿ ಹುಡುಕಿದರೂ ಇಂಥದ್ದು ಸಿಗುವುದಿಲ್ಲ. ನನ್ನನ್ನು ನಾನೇ ಹೊಗಳಿಕೊಳ್ಳುತ್ತಿದ್ದೇನೆ, ಬೇರೆಯವರು ಹೊಗಳುವ ತನಕ ಕಾಯುವ ವಯಸ್ಸಲ್ಲ ಇದು.

ಆಲ್ಬಮ್ ಸಿದ್ಧವಾಯಿತು, ಮನೆಮಂದಿಯೆಲ್ಲ ಅದರೊಳಗೆ ಬಂದರು. ಅವ್ವನ ಜಾಗಕ್ಕೆ ಬಂದರೆ ಮತ್ತೆ ಅದೇ ಫೋಟೋ. ನನಗೆ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಹಾಳೆ ಮಾಡಿ ಅದರ ಮೇಲೂ ಅವಳನ್ನು ಸತ್ತವಳಾಗಿಯೇ ಕೂರಿಸಬೇಕೇ ಅಂತ ಕತ್ತರಿ ಬಿಸಾಡಿ ಅತ್ತೆ. ಆ ಹೊತ್ತಿಗೆ ಎದುರುಮನೆಯ ಬಿಸ್ಮಿಲ್ಲಾ ಬಿ ಬಂದರು. ಅವರ ಮೊಮ್ಮಗಳು ನಗ್ಮಾ ನನ್ನ ಹತ್ತಿರ ಕಾಗದದ ಹೂವು ಮಾಡಲು ಕಲಿಯುತ್ತಾಳೆ, ಅವಳನ್ನು ಕರೆಯಲು ಬಂದಿದ್ದರು. ನನ್ನ ಅವತಾರ ನೋಡಿ ಅಲ್ಲೇ ಕುಳಿತು ಎಲ್ಲ ಕೇಳಿದರು. ಬನವಾಸಿ ಅಂಗಡಿ ಅಂದದ್ದೇ ತಡ, ಅವರ ಮುಖ ಬೇರೆಯಾಯಿತು. ಅವರ ಮಾವ ನೂರ್ ಅಹ್ಮದ್ ಸಾಹೇಬರು ನಿನಗೆ ನೆನಪಿರಬಹುದು, ನಮ್ಮ ಅಪ್ಪನ ಅಂಗಡಿಯ ಭತ್ತ ಹುಬ್ಬಳ್ಳಿಗೆ ಒಯ್ಯುತ್ತಿದ್ದದ್ದು ಅವರ ಲಾರಿಯೇ ಅಂತೆ. "ಮಾವಾನೋರು ಯಾವಾಗ್ಲೂ ಹೇಳ್ತಿದ್ರು ಟೀಚರ್, ಹೊಸಾ ಲಾರಿಗೆ ಆರತಿ ಮಾಡಿದ್ದು ಬನವಾಸಿ ಅಂಗ್ಡಿಯೋರ ಹೆಂಡ್ತಿ ಅಂತ. ಫೋಟೋನೂ ಅದೆ" ಅಂದರು.

ಕಬ್ಬಿಣದ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಅಣ್ಣಾ, ನಿನ್ನೆ ತೊಳೆದು ತಂದಂತಿದೆ! ನಮ್ಮ ಫೋಟೋಗಳೆಲ್ಲ ಗೋಡೆಯ ಮೇಲೆ ಹೊಗೆ, ಥಂಡಿ, ಬಿಸಿಲು ತಿಂದು ಹಳದಿಯಾದವು. "ಗೋಡೆಗೆ ಹಾಕಿದ್ರೆ ಆ ಕೋಣೇಲಿ ನಮಾಜ್ ಆಗಲ್ಲ, ಅದಕ್ಕೇ ಪೆಟ್ಟಿಗೇಲೇ ಇತ್ತು" ಅಂದರು ಬಿಸ್ಮಿಲ್ಲಾ ಬಿ. ನಮ್ಮ ಅವ್ವನನ್ನು ನಾವು ಉಳಿಸಿಕೊಳ್ಳಲಿಲ್ಲ, ಅವರ ಪೆಟ್ಟಿಗೆ ಉಳಿಸಿಕೊಂಡಿತ್ತು. ನಮ್ಮ ಅಂಗಡಿಯ ಮುಂದೆ ಲಾರಿ ನಿಂತಿದೆ, ಗಾಲಿಯ ಕೆಳಗೆ ನಿಂಬೆಹಣ್ಣು. ಅಪ್ಪ ರುಮಾಲು ಸುತ್ತಿಕೊಂಡು ತಾನೇ ಲಾರಿ ಕೊಂಡವನಂತೆ ನಿಂತಿದ್ದಾನೆ. ಬದಿಯಲ್ಲಿ ಇಬ್ಬರು ಹೆಂಗಸರು, ಆರತಿ ತಟ್ಟೆ ಬಂಪರಿನ ಮೇಲಿದೆ. ಒಬ್ಬಳು ಸೆರಗು ಎಳೆದುಕೊಂಡು ಆಚೆ ನೋಡುತ್ತಿದ್ದಾಳೆ. ಇನ್ನೊಬ್ಬಳು ನಗುತ್ತಿದ್ದಾಳೆ, ಹಲ್ಲು ಕಾಣುವಂತೆ, ಅತ್ತೆ-ಮಾವನ ಹೆದರಿಕೆಯಿಲ್ಲದೆ ನಗುತ್ತಿದ್ದಾಳೆ. ಅವಳೇ ಅವ್ವ.

ಸ್ಟುಡಿಯೋದಲ್ಲಿ ಆ ಮುಖವನ್ನಷ್ಟೇ ದೊಡ್ಡದು ಮಾಡಿಸಿದೆ. "ಅವ್ವಾ, ಅಜ್ಜಿ ಥೇಟ್ ನಿನ್ನಂಗ ನಕ್ಕಾಳ" ಅಂದಳು ಪ್ರತಿಭಾ. ಅಂದಿನಿಂದ ಕನ್ನಡಿ ಕಂಡಲ್ಲೆಲ್ಲ ನಕ್ಕು ನೋಡಿಕೊಳ್ಳುತ್ತಿದ್ದೇನೆ, ಇವರು ಡಾಕ್ಟರಿಗೆ ತೋರಿಸೋಣವೇ ಅನ್ನುತ್ತಾರೆ. ಬನವಾಸಿಯ ಪಡಸಾಲೆಯಲ್ಲಿ ಈಗ ಹೊಸ ಬಣ್ಣದ ಮೇಲೆ ಇರುವುದು ಅದೇ ನಗುವ ಫೋಟೋ. ಕಾಗದದ ಚೌಕಟ್ಟು ನನ್ನದೇ. ಹಳೆಯದನ್ನು ಅಲ್ಲಿಗೆ ವಾಪಸ್ ಕಳಿಸಲಿಲ್ಲ. ಪ್ರತಿಭಾ ಆ ನಗುವ ಫೋಟೋವನ್ನು ನಿನಗೆ ತೋರಿಸೋಣ ಅಂತ ಪವನನ ಮೊಬೈಲಿಗೆ ಕಳಿಸಿದ್ದಳು. ನೀನು ನೋಡದೆಯೇ ಮೊಬೈಲನ್ನು ಮಗುಚಿ ಇಟ್ಟೆಯಂತೆ. ಅಜ್ಜಿಯ ಫೋಟೋ ಅಂದದ್ದಕ್ಕೆ ಆ ಹಳೆಯದೇ ಇರಬೇಕು ಅಂತ ನೀನು ಅಂದುಕೊಂಡೆ, ನನಗೆ ಅರ್ಥವಾಯಿತು. ಅದಲ್ಲ ಅಣ್ಣಾ. ಆಲ್ಬಮ್ಮಿನ ಮೊದಲ ಪುಟದಲ್ಲಿರುವುದು ಲಾರಿಯದು. ಆಮೇಲೆ ರೈಲ್ವೆ ಯೂನಿಫಾರ್ಮಿನಲ್ಲಿ ನೀನು, ವೈನಿ, ಮಕ್ಕಳು. ಹಳೆಯದನ್ನು ಎಸೆಯಲು ನನ್ನಿಂದಾಗಲಿಲ್ಲ, ನಾನು ಕೈ ಮುಗಿದು ಬೆಳೆದ ಮುಖ ಅದು. ಕೊನೆಯ ಪುಟದಲ್ಲಿ ಅದಕ್ಕೆ ಕಾಗದದ ಎರಡು ಬಾಗಿಲು ಮಾಡಿ ದಾರ ಕಟ್ಟಿದ್ದೇನೆ. ನೀನು ಬಿಚ್ಚದಿದ್ದರೆ ಅದು ತೆರೆಯುವುದಿಲ್ಲ. ಬಿಚ್ಚಲೇಬೇಕೆಂದಿಲ್ಲ, ನನಗೆ ಬೇಸರವೂ ಇಲ್ಲ.

ಹೆದರದೆ ಮೊದಲ ಪುಟ ತೆರೆ. ಪಕ್ಕದಲ್ಲಿ ವೈನಿಯನ್ನು ಕೂರಿಸಿಕೋ. ಚಳಿ ಮುಗಿದಮೇಲೆ ಇಬ್ಬರೂ ಬನವಾಸಿಗೆ ಬನ್ನಿ. ಪಡಸಾಲೆಯಲ್ಲಿ ಯಾವ ಕಡೆ ಬೇಕಾದರೂ ಮುಖ ಮಾಡಿ ಕೂರಬಹುದು ಈಗ.

ವೈನಿಗೆ ನನ್ನ ಶರಣು ಹೇಳು, ಎಣ್ಣೆ ಬಾಟಲಿ ಬಿಡಬೇಡಿ ಅಂತಲೂ ಹೇಳು. ಪವನನಿಗೂ ಅವನ ಮಕ್ಕಳಿಗೂ ಆಶೀರ್ವಾದ. ಇವರು ನಿನ್ನನ್ನು ಕೇಳಿದ್ದಾರೆ, ಮೀಸೆಯ ಸುದ್ದಿಯನ್ನು ತಪ್ಪದೆ ಬರೆ ಅಂದಿದ್ದರು, ಬರೆದಿದ್ದೇನೆ. ಮಧುಕೇಶ್ವರ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಮುರಿಗೆವ್ವ

ತಾ.ಕ.: ಕೊರಿಯರಿಗೆ ಒಯ್ಯಲು ಪ್ರತಿಭಾ ಬಾಗಿಲಲ್ಲೇ ನಿಂತಿದ್ದಾಳೆ, ಅವಳಿಗೆ ಕಾಣದಂತೆ ಬರೆಯುತ್ತಿದ್ದೇನೆ. ಆ ಇಬ್ಬರಲ್ಲಿ ಅವ್ವ ಯಾರು ಅಂತ ನನಗೆ ಗೊತ್ತಿಲ್ಲ ಅಣ್ಣಾ. ನಗುವವಳೇ ಅಂತ ನಾನೇ ತೀರ್ಮಾನ ಮಾಡಿದೆ. ಕಣ್ಣು ಮುಚ್ಚಿದ ಆ ಮುಖದ ಜೊತೆ ಇಟ್ಟು ನೋಡಿದರೆ ಒಮ್ಮೆ ಇವಳಂತೆ ಕಾಣುತ್ತದೆ, ಒಮ್ಮೆ ಅವಳಂತೆ. ಬಿಸ್ಮಿಲ್ಲಾ ಬಿ ಆ ಮನೆಗೆ ಸೊಸೆಯಾಗಿ ಬಂದದ್ದು ಅವ್ವ ಹೋದಮೇಲೆ, ಅವರಿಗೂ ತಿಳಿಯದು. ನಾನು ಗಟ್ಟಿಯಾಗಿ ಹೇಳಿದ್ದಕ್ಕೆ ಎಲ್ಲರೂ ಹೌದು ಅಂದರು, ವಿನೋದ ದಿನಾ ಊದಿನಕಡ್ಡಿ ಹಚ್ಚುತ್ತಿದ್ದಾನೆ. ಅವಳನ್ನು ಕಣ್ಣಾರೆ ಕಂಡವನು ಇನ್ನು ನೀನೊಬ್ಬನೇ. ನೋಡಿ ಹೇಳು. ಆಚೆ ಮುಖ ತಿರುಗಿಸಿದವಳಾದರೂ ನನಗೆ ಅವಳೇ ಬೇಕು. ನಿನಗೂ ಗುರುತು ಹತ್ತದಿದ್ದರೆ ಅದನ್ನೂ ಮುಚ್ಚಿಡದೆ ಹೇಳು, ಆಗ ಇಬ್ಬರನ್ನೂ ಇಟ್ಟುಕೊಳ್ಳೋಣ. ಇಷ್ಟು ವರ್ಷ ಒಬ್ಬಳೂ ಇಲ್ಲದೆ ಕಳೆದವರಿಗೆ ಇಬ್ಬರು ಭಾರವಾಗುವುದಿಲ್ಲ.